ದಣಿವಿಗೆ ಕಾರಣ ಮನಸ್ಸಲ್ಲ, ಮೈಯಲ್ಲಿ ತುಂಬಿದ ಕಬ್ಬಿಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನಲವತ್ತು ದಾಟಿದ್ದ ಈ ವ್ಯಕ್ತಿ ಪತ್ನಿಯೊಂದಿಗೆ ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದದ್ದು ದಾಂಪತ್ಯದಲ್ಲಿ ಬೆಳೆದ ಅಂತರದ ಬಗ್ಗೆ ಮಾತನಾಡಲು. ಬಹುಕಾಲದಿಂದ ಬಿಡದ ದಣಿವು, ಲೈಂಗಿಕ ನಿರಾಸಕ್ತಿ ಮತ್ತು ಸಿಡುಕನ್ನು ಪತ್ನಿ ತಮ್ಮ ಮೇಲಿನ ಅಸಡ್ಡೆಯೆಂದು ತಿಳಿದಿದ್ದರು. ಪತಿಯಾದರೋ ರಕ್ತಹೀನತೆ ಇರಬೇಕೆಂದು ತಾವೇ ಊಹಿಸಿ ಕಬ್ಬಿಣಾಂಶದ ಮಾತ್ರೆ ನುಂಗುತ್ತಿದ್ದರು. ಅವರು ಮಾತಿನ ನಡುವೆ ತೋರುಬೆರಳು, ನಡುಬೆರಳುಗಳ ಬುಡದ ಗೆಣ್ಣುಗಳನ್ನು ನೋವಿನಿಂದ ಒತ್ತಿಕೊಳ್ಳುತ್ತಿದ್ದುದನ್ನೂ, ಮದ್ಯ ಮುಟ್ಟದ ತಂದೆ ಯಕೃತ್ತಿನ ಕಾಯಿಲೆಯಿಂದ ತೀರಿಕೊಂಡರೆಂದು ಹೇಳಿದ್ದನ್ನೂ ಗಮನಿಸಿ, ಮೊದಲು ವೈದ್ಯರನ್ನು ಕಾಣುವಂತೆ ಕೇಳಿಕೊಂಡೆ.

ರಕ್ತ ಪರೀಕ್ಷೆಯಲ್ಲಿ ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹವನ್ನು ಸೂಚಿಸುವ ಪ್ರೋಟೀನು) ಬಹಳ ಏರಿತ್ತು. ಉರಿಯೂತವಿದ್ದರೂ ಅದು ಏರಬಹುದಾದ್ದರಿಂದ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ನನ್ನೂ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನು ಎಷ್ಟು ತುಂಬಿದೆ ಎಂಬ ಅಳತೆ) ನೋಡಲಾಯಿತು, ಅದು ಶೇ. 45ನ್ನು ಮೀರಿತ್ತು. ವಂಶವಾಹಿ ಪರೀಕ್ಷೆಯಿಂದ ಹೀಮೊಕ್ರೊಮಾಟೋಸಿಸ್, ಅಂದರೆ ಮೈಯಲ್ಲಿ ಕಬ್ಬಿಣ ಮಿತಿಮೀರಿ ತುಂಬುವ ಆನುವಂಶಿಕ ಕಾಯಿಲೆ, ಖಚಿತವಾಯಿತು.

ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ನಮ್ಮ ದೇಹಕ್ಕಿಲ್ಲ; ದಿನಕ್ಕೆ ಸುಮಾರು 1 ಮಿಲಿಗ್ರಾಂ ಮಾತ್ರ ತಾನಾಗಿ ನಷ್ಟವಾಗುತ್ತದೆ. ಕರುಳು ಕಬ್ಬಿಣ ಹೀರುವುದನ್ನು ಹತೋಟಿಯಲ್ಲಿಡುವ ಹೆಪ್ಸಿಡಿನ್ ಎಂಬ ಹಾರ್ಮೋನು ಕೊರತೆಯಾದಾಗ, ಸಾಮಾನ್ಯವಾಗಿ 3–4 ಗ್ರಾಂ ಇರಬೇಕಾದ ಕಬ್ಬಿಣ ವರ್ಷಗಟ್ಟಲೆ ಕೂಡುತ್ತಾ ಯಕೃತ್ತು, ಹೃದಯ, ಮೇದೋಜ್ಜೀರಕ ಗ್ರಂಥಿ, ಕೀಲುಗಳಲ್ಲಿ ನೆಲೆಸಿ ಸಿರೋಸಿಸ್ (ಯಕೃತ್ತು ಗಾಯಗಟ್ಟಿ ಗಡುಸಾಗುವುದು), ಮಧುಮೇಹ, ಹೃದಯ ವೈಫಲ್ಯಗಳಿಗೆ ಕಾರಣವಾಗಬಲ್ಲದು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ ಪೆಟ್ಟಾದರೆ ಲೈಂಗಿಕ ಹಾರ್ಮೋನು ಕುಗ್ಗುತ್ತದೆ. ಇದನ್ನು ಪತ್ನಿಯ ಎದುರಿಗೇ ವಿವರಿಸಿದೆ. ಅವರ ಮನಸ್ಸಿನ ಭಾರ ಇಳಿಯಲು ಅದು ಅಗತ್ಯವಾಗಿತ್ತು.

ಕಬ್ಬಿಣಾಂಶದ ಮಾತ್ರೆ, ವಿಟಮಿನ್ ಸಿ ಮಾತ್ರೆ, ಮದ್ಯಗಳನ್ನು ವೈದ್ಯರು ನಿಲ್ಲಿಸಿದರು. ಚಿಕಿತ್ಸೆಯೆಂದರೆ ನಿಯಮಿತವಾಗಿ ರಕ್ತ ತೆಗೆಸುವುದು: ಪ್ರತಿ ಬಾರಿ ತೆಗೆಯುವ ಸುಮಾರು 500 ಮಿಲಿಲೀಟರ್ ರಕ್ತದೊಂದಿಗೆ 200–250 ಮಿಲಿಗ್ರಾಂ ಕಬ್ಬಿಣ ಹೊರಹೋಗುತ್ತದೆ. ದಣಿವು ಕಡಿಮೆಯಾದೀತು, ಆದರೆ ಕೀಲುನೋವು ಪೂರ್ತಿ ಹೋಗದಿರಬಹುದು ಎಂಬುದನ್ನು ನಾನು ಮುಚ್ಚಿಡಲಿಲ್ಲ. ಸುಳ್ಳು ಭರವಸೆ ಸಿಕ್ಕವರು ಚಿಕಿತ್ಸೆಯನ್ನು ನಡುವೆಯೇ ಬಿಡುವ ಸಂಭವ ಹೆಚ್ಚು.

ಪತಿಗೆ ಅತ್ಯಂತ ಕಷ್ಟವಾದದ್ದು ತಮ್ಮನಿಗೆ ತಿಳಿಸುವುದು. ಮನೆತನಕ್ಕೆ ಕಳಂಕ ಹಚ್ಚಿದಂತಾಗುತ್ತದೆ ಎಂದು ಅಳುಕಿದರು. ಒಡಹುಟ್ಟಿದವರಿಗೆ ಇದೇ ವಂಶವಾಹಿ ಸ್ಥಿತಿ ಇರುವ ಸಂಭವ ಕನಿಷ್ಠ ಶೇ. 25, ಅಂಗಗಳು ಕೆಡುವ ಮೊದಲೇ ತಿಳಿದರೆ ಹಾನಿಯನ್ನು ತಡೆಯಬಹುದು. ಆದ್ದರಿಂದ ಹೇಳಬೇಕಾದ ಮಾತುಗಳನ್ನು ಇಬ್ಬರೂ ಕೂಡಿ ಬರೆದೆವು: “ನನಗೆ ಹೀಗಾಗಿದೆ, ನಿನಗೂ ಇರಬಹುದು, ಲಕ್ಷಣಗಳಿಗೆ ಕಾಯದೆ ರಕ್ತ ಪರೀಕ್ಷೆ ಮಾಡಿಸಿಕೋ.” ಮಕ್ಕಳ ವಿಷಯದಲ್ಲಿ ಮೊದಲು ಪತ್ನಿಯ ವಂಶವಾಹಿ ಪರೀಕ್ಷೆ ಮಾಡಿಸಲು ಸೂಚಿಸಿದೆ; ಅವರಲ್ಲಿ ದೋಷವಿಲ್ಲದಿದ್ದರೆ ಮಕ್ಕಳು ವಾಹಕರಷ್ಟೇ (ದೋಷದ ಒಂದೇ ಪ್ರತಿ ಹೊತ್ತವರು) ಆಗಿರುತ್ತಾರೆ.