‘ನೋವು ಇದೆ, ಆದರೆ ಕಾಡುತ್ತಿಲ್ಲ’: ಆ ಮಾತಿನಿಂದಲೇ ಶುರುಮಾಡಿ

ನಮಸ್ಕಾರ.

ಮಾರ್ಫಿನ್‌ನಂಥ ಒಪಿಯಾಯ್ಡ್ ನೋವುನಿವಾರಕಗಳು ಮಿದುಳಿನಲ್ಲಿ ಏನು ಮಾಡುತ್ತವೆ ಎಂಬ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಹಾಗಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಅರ್ಧವನ್ನೆಲ್ಲ ಅಫೀಮಿನ ಇತಿಹಾಸವೇ ತಿಂದುಹಾಕಿದೆ. ಜರ್ಮನಿಯ ಔಷಧ ತಯಾರಕ ಸೆರ್ಟರ್ನರ್ 19ನೇ ಶತಮಾನದ ಆರಂಭದಲ್ಲಿ ಅಫೀಮಿನಿಂದ ಮಾರ್ಫಿನ್ ಬೇರ್ಪಡಿಸಿದ ಸಂಗತಿಗೆ ಒಂದು ಸಾಲು ಸಾಕು. ನೀವು ನಿಲ್ಲಬೇಕಿದ್ದದ್ದು 1973ರಲ್ಲಿ. ಈ ಔಷಧ ಹೋಗಿ ಕೂರುವ ಗ್ರಾಹಕಗಳು (ರಿಸೆಪ್ಟರ್‌ಗಳು) ಮಿದುಳಿನಲ್ಲಿವೆ ಎಂದು ಆ ವರ್ಷ ಗೊತ್ತಾಯಿತು. ಗಿಡವೊಂದರ ರಸಕ್ಕೆ ನಮ್ಮ ನರಕೋಶಗಳಲ್ಲಿ ಜಾಗ ಯಾಕಿರಬೇಕು? 1975ರಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಜ್ ಮಿದುಳಿನಲ್ಲೇ ಇರುವ ಎಂಕೆಫಲಿನ್ ಎಂಬ ರಾಸಾಯನಿಕವನ್ನು ಪತ್ತೆಹಚ್ಚಿದಾಗ ಉತ್ತರ ಸಿಕ್ಕಿತು: ದೇಹ ತನ್ನದೇ ಒಪಿಯಾಯ್ಡ್ ತಯಾರಿಸಿಕೊಳ್ಳುತ್ತದೆ, ಮಾರ್ಫಿನ್ ಅದರ ಜಾಗದಲ್ಲಿ ಬಂದು ಕೂರುತ್ತದೆ. ಇಷ್ಟು ದೊಡ್ಡ ಸಂಗತಿ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

‘ಮಾರ್ಫಿನ್ ಮಿದುಳಿಗೆ ಹೋಗಿ ನೋವನ್ನು ಅಳಿಸಿಹಾಕುತ್ತದೆ’ ಎಂದು ಬರೆದಿದ್ದೀರಿ. ಲೇಖನ ದಾರಿ ತಪ್ಪಿದ್ದು ಇಲ್ಲೇ. ಗ್ರಾಹಕವನ್ನು ಬೀಗಕ್ಕೂ ಔಷಧವನ್ನು ಕೀಲಿಗೂ ಹೋಲಿಸಿದ್ದೀರಿ, ಸರಿ. ಕೀಲಿ ತಿರುಗಿದ ಮೇಲೆ ಏನಾಯಿತು ಎಂದು ಹೇಳಿಯೇ ಇಲ್ಲ. ಕೆಲಸ ಮಿದುಳಿಗಿಂತ ಮೊದಲೇ, ಬೆನ್ನುಹುರಿಯಲ್ಲೇ ಶುರುವಾಗುತ್ತದೆ. ಗಾಯದಿಂದ ಬಂದ ನರ ಅಲ್ಲಿ ಮುಂದಿನ ನರಕೋಶಕ್ಕೆ ಸುದ್ದಿ ದಾಟಿಸಬೇಕು. ದಾಟಿಸಬೇಕಾದರೆ ನರದ ತುದಿಯೊಳಗೆ ಕ್ಯಾಲ್ಸಿಯಂ ನುಗ್ಗಬೇಕು, ಆಗಲೇ ಗ್ಲುಟಮೇಟ್‌ನಂಥ ರಾಸಾಯನಿಕಗಳು ಹೊರಬರುವುದು. ಮಾರ್ಫಿನ್ ಕ್ಯಾಲ್ಸಿಯಂ ಒಳಬರುವುದನ್ನು ತಗ್ಗಿಸುತ್ತದೆ. ಅತ್ತ, ಸುದ್ದಿ ಪಡೆಯುವ ನರಕೋಶದಿಂದ ಪೊಟ್ಯಾಸಿಯಂ ಹೊರಹೋಗುವಂತೆ ಮಾಡಿ ಅದು ಸುಲಭಕ್ಕೆ ಕೆರಳದಂತೆ ನೋಡಿಕೊಳ್ಳುತ್ತದೆ. ಹೀಗೆ ಸುದ್ದಿ ಮೇಲೆ ಹೋಗುವ ಮುಂಚೆಯೇ ಸೊರಗಿರುತ್ತದೆ.

ಇನ್ನು ಮಿದುಳು. ಮಧ್ಯಮಿದುಳಿನಿಂದ ಬೆನ್ನುಹುರಿಗೆ ‘ನೋವಿನ ಸುದ್ದಿ ತಗ್ಗಿಸು’ ಎಂದು ಆಜ್ಞೆ ಕಳಿಸುವ ದಾರಿಯೊಂದಿದೆ. ಮಾಮೂಲಿ ಹೊತ್ತಿನಲ್ಲಿ ಕೆಲವು ನರಕೋಶಗಳು ಅದನ್ನು ಅದುಮಿಟ್ಟಿರುತ್ತವೆ. ಮಾರ್ಫಿನ್ ಹಾಗೆ ಅದುಮುವ ನರಕೋಶಗಳ ಬಾಯಿಯನ್ನೇ ಕಟ್ಟುತ್ತದೆ, ದಾರಿ ತೆರೆದುಕೊಳ್ಳುತ್ತದೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ಸೊಗಸಾದ ಭಾಗ ಇಲ್ಲ. ಇದಕ್ಕೊಂದು ಇಡೀ ಪ್ಯಾರಾ ಕೊಡಿ.

ಶಸ್ತ್ರಚಿಕಿತ್ಸೆಯಾದವರೊಬ್ಬರು ಹೇಳಿದ ‘ನೋವು ಇದೆ, ಆದರೆ ಕಾಡುತ್ತಿಲ್ಲ’ ಎಂಬ ಮಾತನ್ನು ಕೊನೆಯ ಪುಟದಲ್ಲಿ ಹೂತಿಟ್ಟಿದ್ದೀರಿ. ಅದೇ ಮೊದಲ ವಾಕ್ಯವಾಗಬೇಕು. ಎಲ್ಲಿ ನೋಯುತ್ತಿದೆ, ಎಷ್ಟು ನೋಯುತ್ತಿದೆ ಎಂದು ಗುರುತಿಸುವುದು ಬೇರೆ, ಅದರಿಂದ ನರಳುವುದು ಬೇರೆ. ನರಳಾಟಕ್ಕೆ ಸಂಬಂಧಿಸಿದ, ಮಿದುಳಿನ ಸಿಂಗ್ಯುಲೇಟ್ ಎಂಬ ಭಾಗದಲ್ಲಿ ಒಪಿಯಾಯ್ಡ್ ಗ್ರಾಹಕಗಳು ದಟ್ಟವಾಗಿವೆ. ಆ ರೋಗಿ ಇದನ್ನು ಒಂದೇ ಮಾತಿನಲ್ಲಿ ಹೇಳಿದ್ದಾರೆ. ನೀವು ಅದನ್ನು ಓದುಗರಿಗೆ ಬಿಡಿಸಿ ತೋರಿಸಿದರೆ ಲೇಖನ ತಾನಾಗಿ ನಿಲ್ಲುತ್ತದೆ.

‘ಮಾರ್ಫಿನ್ ಮುಟ್ಟಿದರೆ ಚಟ ಖಚಿತ’ ಎಂಬ ಸಾಲನ್ನು ಹೊಡೆದುಹಾಕಿದ್ದೇನೆ. ಕ್ಯಾನ್ಸರ್ ನೋವಿನಲ್ಲಿರುವವರೊಬ್ಬರು ಅದನ್ನು ಓದಿ ವೈದ್ಯರು ಕೊಟ್ಟ ಮಾತ್ರೆಯನ್ನು ಪಕ್ಕಕ್ಕಿಟ್ಟರೆ? ಬರಬರುತ್ತಾ ಅದೇ ಪ್ರಮಾಣ ಸಾಲದೆ ಹೋಗುವುದು, ತಟ್ಟನೆ ನಿಲ್ಲಿಸಿದರೆ ದೇಹ ಒದ್ದಾಡುವುದು, ಕೆಡುಕಾಗುತ್ತಿದ್ದರೂ ಬಿಡಲಾಗದೆ ಔಷಧದ ಹಿಂದೆ ಬೀಳುವುದು, ಇವು ಮೂರು ಬೇರೆ ಬೇರೆ ಸಂಗತಿಗಳು. ಚಟ ಎನ್ನುವುದು ಕೊನೆಯದನ್ನು ಮಾತ್ರ.

ಹಾಗಂತ ಅಪಾಯವನ್ನು ಮುಚ್ಚಿಡಬೇಡಿ. ಉಸಿರಾಟ ನಡೆಸುವ ಮಿದುಳುಕಾಂಡದಲ್ಲೂ ಇದೇ ಗ್ರಾಹಕಗಳಿವೆ. ಪ್ರಮಾಣ ಮೀರಿದಾಗ ಜೀವ ಹೋಗುವುದು ಬಹುಪಾಲು ಉಸಿರು ನಿಂತು. ಮದ್ಯ ಅಥವಾ ನಿದ್ರೆಮಾತ್ರೆ ಜೊತೆಗಿದ್ದರೆ ಅಪಾಯ ಇನ್ನೂ ಹೆಚ್ಚು. ನಲೋಕ್ಸೋನ್ ಎಂಬ ಮದ್ದು ಅದೇ ಗ್ರಾಹಕದಿಂದ ಮಾರ್ಫಿನ್ ಅನ್ನು ಎಬ್ಬಿಸಿ ಉಸಿರನ್ನು ಮರಳಿಸಬಲ್ಲದು. ದೀರ್ಘಕಾಲ ತೆಗೆದುಕೊಂಡ ಕೆಲವರಲ್ಲಿ ನೋವಿನ ಸೂಕ್ಷ್ಮತೆಯೇ ಹೆಚ್ಚುತ್ತದೆ ಎಂಬುದನ್ನೂ ಸೇರಿಸಿ.

ತಿದ್ದಿದ ಪ್ರತಿಯನ್ನು ಅರಿವಳಿಕೆ ತಜ್ಞರೊಬ್ಬರಿಗೆ ತೋರಿಸಿ ಕಳಿಸಿ. ಎಷ್ಟು ಮಿಲಿಗ್ರಾಂ ಎಂದು ಹೇಳುವ ಪ್ಯಾರಾ ಮಾತ್ರ ಬೇಡ. ಅದನ್ನು ರೋಗಿಯನ್ನು ಕಣ್ಣಾರೆ ನೋಡಿದ ವೈದ್ಯರೇ ಹೇಳಬೇಕು.