ಆರ್‌ಟಿಇ ಸೀಟು ನಿಂತುಹೋಯಿತಾ?

ಮಗಳನ್ನು ಒಂದನೇ ಕ್ಲಾಸಿಗೆ ಆರ್‌ಟಿಇಯಲ್ಲಿ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಸೇರಿಸೋಣ ಅಂದ್ರೆ ಪಕ್ಕದ ಖಾಸಗಿ ಶಾಲೆ ಪಟ್ಟಿಯಲ್ಲೇ ಇಲ್ಲ, ಕಾಯ್ದೆ ರದ್ದಾಯಿತಾ ಅಂತ ಕೇಳಿದ್ದೀರಿ. ರದ್ದಾಗಿಲ್ಲ. ಖಾಸಗಿ ಶಾಲೆಯಲ್ಲಿ ಬಡ ಮಕ್ಕಳಿಗೆ ಶೇ. 25 ಉಚಿತ ಸೀಟು ಅನ್ನೋದು ಕಾಯ್ದೆಯಲ್ಲಿ ಈಗಲೂ ಇದೆ. ಆದರೆ 2019ರಲ್ಲಿ ನಮ್ಮ ಕರ್ನಾಟಕ ನಿಯಮ ಬದಲಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆ ಆ ಸೀಟು ಕೊಡಬೇಕಾಗಿಲ್ಲ. ಸರ್ಕಾರಿ ಶಾಲೆ ಇಲ್ಲದ ಊರು ಎಷ್ಟಿದೆ ಹೇಳಿ! ಹೈಕೋರ್ಟ್ ಕೂಡ ಅದೇ ವರ್ಷ ಈ ನಿಯಮವನ್ನು ಎತ್ತಿಹಿಡಿಯಿತು.

ಸರ್ಕಾರ ತನ್ನ ಶಾಲೆ ಖಾಲಿ ಬಿಟ್ಟು ಈ ಮಕ್ಕಳ ಶುಲ್ಕ ಅಂತ ಖಾಸಗಿಯವರಿಗೆ ಯಾಕೆ ದುಡ್ಡು ಕಟ್ಟಬೇಕು ಅನ್ನೋ ವಾದ ನನಗೆ ಅರ್ಧ ಒಪ್ಪಿಗೆ. ಉಳಿದರ್ಧ ಏನಂದ್ರೆ, ಉಳ್ಳವರ ಆಯ್ಕೆ ಹಾಗೇ ಉಳಿಯಿತು, ಹೋಗಿದ್ದು ಬಡವರದ್ದು ಮಾತ್ರ, ಅಲ್ವಾ?

ಸರ್ಕಾರಿ ಶಾಲೆ ಅಂತ ಸುಮ್ನೆ ಹೆದರಬೇಡಿ. ಒಮ್ಮೆ ಹೋಗಿ ನಲಿಕಲಿ, ಅಂದರೆ ಚಟುವಟಿಕೆ ಮೂಲಕ ಕಲಿಸುವ ಕೊಠಡಿ ನೋಡಿ. ಚಿಕ್ಕ ತರಗತಿಗಳ ಮಕ್ಕಳು ಒಟ್ಟಿಗೆ ಗುಂಪು ಗುಂಪಾಗಿ ಕೂತು ಕಾರ್ಡು ಹಿಡಿದು ಕಲಿಯುತ್ತಿರುತ್ತಾರೆ. ತಲೆ ಮೇಲೆ ದಾರಕ್ಕೆ ಅವರದೇ ಚಿತ್ರ ನೇತುಹಾಕಿರುತ್ತಾರೆ. ಟೀಚರ್ ಒಳ್ಳೆಯವರಾದರೆ ಮಕ್ಕಳು ಚೆನ್ನಾಗಿಯೇ ಕಲಿಯುತ್ತಾರೆ. ಕಾಯಂ ಶಿಕ್ಷಕರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು, ಇಂಗ್ಲಿಷ್ ಮಾಧ್ಯಮದ ವಿಭಾಗ ಇದೆಯಾ, ಇಷ್ಟು ಮುಖ್ಯೋಪಾಧ್ಯಾಯರನ್ನೇ ಕೇಳಿ. ಸೇರಿಸಿದ ಮೇಲೆ ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೂ ನಿಲ್ಲಿ. ಅದರಲ್ಲಿ ಪೋಷಕರೇ ಜಾಸ್ತಿ ಇರಬೇಕು.