ಗಾಜಿನ ತೊಟ್ಟಿಯಲ್ಲಿ ಗಿಡ ಮೊದಲು, ಮೀನು ಆಮೇಲೆ

ಮನೆಯಲ್ಲಿ ಮೊದಲ ಬಾರಿಗೆ ಜೀವಂತ ಗಿಡಗಳ ಅಕ್ವೇರಿಯಂ ಮಾಡಲು ಹೊರಟಿರುವ ಓದುಗರ ಪತ್ರಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ಎರಡು ಅಡಿ ಉದ್ದದ ತೊಟ್ಟಿ ಕೊಂಡಿದ್ದೇನೆ. ಗಿಡ ಬೆಳೆಸಬೇಕೆಂದರೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಮತ್ತು ಪ್ರಖರ ದೀಪ ಬೇಕೇ ಬೇಕು ಎನ್ನುತ್ತಾರೆ ಅಂಗಡಿಯವರು. ಅಷ್ಟು ಖರ್ಚಿಲ್ಲದೆ ಆಗುವುದಿಲ್ಲವೇ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಖಂಡಿತ ಆಗುತ್ತದೆ. ಸಿಲಿಂಡರ್ ಬೇಕಾಗುವುದು ಪ್ರಖರ ದೀಪ ಹಾಕಿದವರಿಗೆ. ಬೆಳಕು ಹೆಚ್ಚಿದಂತೆ ಗಿಡಕ್ಕೆ ಬೇಕಾಗುವ ಇಂಗಾಲ ಮತ್ತು ಪೋಷಕಾಂಶಗಳೂ ಹೆಚ್ಚುತ್ತವೆ. ಅವು ಸಿಗದೆ ಹೋದರೆ ಗಿಡ ಸೊರಗುತ್ತದೆ, ಮಿಕ್ಕ ಬೆಳಕನ್ನು ಪಾಚಿ ಬಳಸಿಕೊಳ್ಳುತ್ತದೆ. ಬೆಳಕನ್ನು ಮಿತವಾಗಿ ಇಟ್ಟು, ನಿಧಾನವಾಗಿ ಬೆಳೆಯುವ ಗಿಡಗಳನ್ನು ಆರಿಸಿಕೊಂಡರೆ, ಮೀನುಗಳ ಉಸಿರಾಟದಿಂದ ಮತ್ತು ತಳದ ಸೂಕ್ಷ್ಮಜೀವಿಗಳಿಂದ ಹೊರಬರುವ ಕಾರ್ಬನ್ ಡೈಆಕ್ಸೈಡೇ ಅವಕ್ಕೆ ಸಾಲುತ್ತದೆ. ಸಾಧಾರಣ ಎಲ್‌ಇಡಿ ದೀಪವನ್ನು ದಿನಕ್ಕೆ 6ರಿಂದ 7 ಗಂಟೆ ಉರಿಸಿದರೆ ಸಾಕು. ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಮಾತ್ರ ತೊಟ್ಟಿಯನ್ನು ಇಡಬೇಡಿ.

ಜಾವಾ ಫರ್ನ್, ಅನುಬಿಯಾಸ್, ಕ್ರಿಪ್ಟೊಕೊರೈನ್, ವ್ಯಾಲಿಸ್ನೇರಿಯಾ, ಜಾವಾ ಮಾಸ್, ಈ ಐದರಲ್ಲಿ ಯಾವುದನ್ನು ಆರಿಸಿಕೊಂಡರೂ ಹೊಸಬರ ಕೈಯಲ್ಲಿ ಬದುಕುತ್ತದೆ. ಆದರೆ ಜಾವಾ ಫರ್ನ್ ಮತ್ತು ಅನುಬಿಯಾಸ್‌ಗಳನ್ನು ಮಣ್ಣಿನಲ್ಲಿ ಹೂಳಬಾರದು. ಎಲೆಗಳು ಹೊರಡುವ ದಪ್ಪನೆಯ ಅಡ್ಡಕಾಂಡವನ್ನು ಒಂದು ಕಲ್ಲಿನ ಮೇಲಿಟ್ಟು ಹತ್ತಿಯ ದಾರದಿಂದ ಸಡಿಲವಾಗಿ ಸುತ್ತಿರಿ. ದಾರ ಕೊಳೆತು ಹೋಗುವ ಹೊತ್ತಿಗೆ ಬೇರು ಕಲ್ಲನ್ನು ಹಿಡಿದಿರುತ್ತದೆ. ಮೊದಲ ದಿನವೇ ತಳದ ಬಹುಪಾಲು ಮುಚ್ಚುವಷ್ಟು ಗಿಡ ನೆಡಿ, ನಾಲ್ಕೇ ಕಡ್ಡಿ ನೆಟ್ಟು ಕಾಯುತ್ತ ಕುಳಿತರೆ ಪಾಚಿಯೇ ಮೊದಲು ಬೆಳೆಯುತ್ತದೆ. ಇನ್ನೊಂದು ಮಾತು: ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಗಾಜು, ಮರಳು, ಕಲ್ಲು ಸೇರಿದರೆ ಭಾರ 70 ಕೆಜಿಯ ಹತ್ತಿರ ಬರುತ್ತದೆಯಾದ್ದರಿಂದ ಗಟ್ಟಿಯಾದ ಸಮತಟ್ಟು ಮೇಜು ಬೇಕು, ತೊಟ್ಟಿಯ ಕೆಳಗೆ ಥರ್ಮಾಕೋಲ್ ಹಾಳೆಯೊಂದನ್ನು ಹಾಸಿರಬೇಕು.

ಪ್ರಶ್ನೆ: ನಮ್ಮ ಹೊಲದ ಎರೆ ಮಣ್ಣು ಹತ್ತಿಗೂ ಕಡಲೆಗೂ ಹೇಳಿ ಮಾಡಿಸಿದಂತಿದೆ. ಅದನ್ನೇ ತೊಟ್ಟಿಯ ತಳಕ್ಕೆ ಹಾಕಬಹುದೇ?
– ಓದುಗರು, ಧಾರವಾಡ ತಾಲ್ಲೂಕು

ಉತ್ತರ: ದಯವಿಟ್ಟು ಬೇಡ. ಎರೆ ಮಣ್ಣು ಫಲವತ್ತಾದದ್ದು ನಿಜ, ಆದರೆ ಹೊಲದಲ್ಲಿ ಅದರ ಗುಣವಾಗಿರುವುದೇ ನೀರಿನಡಿಯಲ್ಲಿ ದೋಷವಾಗುತ್ತದೆ. ಅದರಲ್ಲಿರುವ ಜೇಡಿಯ ಕಣಗಳು ನೀರು ಕುಡಿದು ಉಬ್ಬುತ್ತವೆ. ಒಣಗಿದಾಗ ಬೇಸಿಗೆಯ ಹೊಲ ಬಿರುಕು ಬಿಡುವುದೂ ಇದೇ ಕಾರಣದಿಂದ. ತೊಟ್ಟಿಯಲ್ಲಿ ಸ್ವಲ್ಪ ಕದಡಿದರೂ ಅತಿ ಸಣ್ಣ ಕಣಗಳು ದಿನಗಟ್ಟಲೆ ತೇಲುತ್ತ ನೀರನ್ನು ರಾಡಿ ಮಾಡುತ್ತವೆ, ತಳದಲ್ಲಿ ಉಳಿದದ್ದು ಒತ್ತೊತ್ತಾಗಿ ಕುಳಿತು ಬೇರಿಗೆ ಆಮ್ಲಜನಕ ತಲುಪದಂತೆ ಮಾಡುತ್ತದೆ. ಹಾಗೆ ಉಸಿರುಗಟ್ಟಿದ ಮಣ್ಣನ್ನು ಕಡ್ಡಿಯಿಂದ ಚುಚ್ಚಿದರೆ ಕೊಳೆತ ಮೊಟ್ಟೆಯ ವಾಸನೆಯ ಗುಳ್ಳೆಗಳು ಏಳುತ್ತವೆ. ಇದರ ಜೊತೆಗೆ ಎರೆ ಮಣ್ಣಿನಲ್ಲಿ ಸಾಮಾನ್ಯವಾಗಿ ಇರುವ ಸುಣ್ಣದ ಹರಳುಗಳು ನೀರಿನ ಗಡಸುತನವನ್ನು ಹೆಚ್ಚಿಸುತ್ತವೆ.

ನಿಮ್ಮ ಸುತ್ತಮುತ್ತ ಮಸಾರಿ ಮಣ್ಣು ಸಿಕ್ಕರೆ ಅದು ಮೇಲು. ಯೂರಿಯಾ, ಡಿಎಪಿ, ತಿಪ್ಪೆಗೊಬ್ಬರ ಅಥವಾ ಔಷಧ ಬೀಳದ ಜಾಗದ ಮಣ್ಣನ್ನೇ ತೆಗೆದುಕೊಳ್ಳಿ, ಏಕೆಂದರೆ ಗೊಬ್ಬರದಿಂದ ಅಮೋನಿಯಾ ಬಿಡುಗಡೆಯಾಗಿ ಮೀನಿಗೆ ವಿಷವಾಗುತ್ತದೆ. ಮಣ್ಣನ್ನು ಜರಡಿ ಹಿಡಿದು, ಬಕೆಟ್ಟಿನಲ್ಲಿ ನೆನೆಸಿ, ಮೇಲೆ ತೇಲುವ ಕಸಕಡ್ಡಿಗಳನ್ನು ಬಸಿದು ಬಿಸಿಲಿಗೆ ಒಣಗಿಸಿ. ಇದನ್ನು ಮೂರು ನಾಲ್ಕು ಸಲ ಮಾಡಿದರೆ ಒಳ್ಳೆಯದು. ತಳದಲ್ಲಿ 2 ಸೆಂಟಿಮೀಟರ್ ಮಣ್ಣು, ಅದರ ಮೇಲೆ 3 ಸೆಂಟಿಮೀಟರ್ ತೊಳೆದ ಮರಳು ಇರಲಿ. ಮರಳಿನ ಮೇಲೆ ವಿನೆಗರ್ ಹನಿಸಿ ನೋಡಿ: ನೊರೆಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ, ಬೇರೆ ಮರಳು ಹುಡುಕಿ. ನೀರು ತುಂಬುವಾಗ ಮರಳಿನ ಮೇಲೊಂದು ತಟ್ಟೆ ಇಟ್ಟು ಅದರ ಮೇಲೆ ನಿಧಾನವಾಗಿ ಸುರಿದರೆ ಪದರ ಕದಡುವುದಿಲ್ಲ. ಮಣ್ಣು ಹಾಸುವ ಈ ಪದ್ಧತಿಯನ್ನು ಹವ್ಯಾಸಿಗಳ ನಡುವೆ ಜನಪ್ರಿಯಗೊಳಿಸಿದವರು ಅಮೆರಿಕದ ಡಯಾನಾ ವಾಲ್‌ಸ್ಟಾಡ್.

ಪ್ರಶ್ನೆ: ನಮ್ಮಲ್ಲಿ ನಳದ ನೀರು ದಿನ ಬಿಟ್ಟು ದಿನವಲ್ಲ, ಎಷ್ಟೋ ದಿನಕ್ಕೊಮ್ಮೆ ಬರುತ್ತದೆ. ಬೋರಿನ ನೀರು ಸವಳು, ಪಾತ್ರೆಯ ಮೇಲೆ ಬಿಳಿ ಕಲೆ ಕಟ್ಟುತ್ತದೆ. ಯಾವುದನ್ನು ಬಳಸಲಿ?
– ಓದುಗರು, ಗದಗ

ಉತ್ತರ: ನಳದ ನೀರೇ ಒಳ್ಳೆಯದು. ಅದನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ, ಆದ್ದರಿಂದ ನೀವು ಹೇಗೂ ತುಂಬಿಡುವ ನೀರು ಇಲ್ಲಿ ಅನುಕೂಲಕ್ಕೇ ಬರುತ್ತದೆ. ವಾರಕ್ಕೊಮ್ಮೆ ತೊಟ್ಟಿಯ ಐದನೆಯ ಒಂದು ಭಾಗ ನೀರು ಬದಲಿಸಿದರೆ ಸಾಕು, ಅಂದರೆ ಒಂದು ಕೊಡದಷ್ಟು. ಬೋರಿನ ನೀರೇ ಗತಿಯಾದರೆ ವ್ಯಾಲಿಸ್ನೇರಿಯಾ ಮತ್ತು ಹಾರ್ನ್‌ವರ್ಟ್ ನೆಡಿ. ಗಡಸು ನೀರಿನಲ್ಲಿರುವ ಬೈಕಾರ್ಬನೇಟ್‌ನಿಂದಲೂ ಅವು ಇಂಗಾಲ ಪಡೆಯಬಲ್ಲವು. ಮೀನುಗಳಲ್ಲಿ ಗಪ್ಪಿ ಅಂಥ ನೀರಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಬೇಸಿಗೆಯಲ್ಲಿ ನೀರು ಆವಿಯಾದಾಗ ಲವಣ ತೊಟ್ಟಿಯಲ್ಲೇ ಉಳಿಯುವುದರಿಂದ, ಇಳಿದ ಮಟ್ಟವನ್ನು ಮತ್ತೆ ಸವಳು ನೀರಿನಿಂದ ತುಂಬುತ್ತ ಹೋದರೆ ಗಡಸುತನ ಏರುತ್ತಲೇ ಇರುತ್ತದೆ. ಅದಕ್ಕೆ ಆರ್‌ಒ ನೀರು ಅಥವಾ ಮೊದಲ ಮಳೆಗಳಲ್ಲಿ ಮಾಳಿಗೆ ತೊಳೆದುಹೋದ ನಂತರ ಹಿಡಿದಿಟ್ಟ ಮಳೆನೀರನ್ನು ಬಳಸಿ.

ಪ್ರಶ್ನೆ: ನೆಟ್ಟ ಎರಡು ವಾರದಲ್ಲಿ ಕ್ರಿಪ್ಟೊಕೊರೈನ್ ಎಲೆಗಳು ಕರಗುತ್ತಿವೆ. ಕಿತ್ತುಹಾಕಲೇ? ಮೀನು ಯಾವಾಗ ಬಿಡಬೇಕು?
– ಓದುಗರು, ಹಾವೇರಿ

ಉತ್ತರ: ಕೀಳಬೇಡಿ. ನರ್ಸರಿಗಳಲ್ಲಿ ಈ ಗಿಡಗಳನ್ನು ಹೆಚ್ಚಾಗಿ ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸುತ್ತಾರೆ. ನೀರಿನಲ್ಲಿ ಮುಳುಗಿದಾಗ ಹಳೆಯ ಎಲೆ ಅಂಚಿನಿಂದ ಪಾರದರ್ಶಕವಾಗಿ, ಬೆರಳು ತಾಗಿದರೆ ಲೋಳೆಯಂತೆ ಜಾರಿ ಹೋಗುತ್ತದೆ. ಬೇರು ಬಿಳಿಯಾಗಿ ಗಟ್ಟಿಯಾಗಿದ್ದರೆ ಗಿಡ ಬದುಕಿದೆ ಎಂದೇ ಅರ್ಥ. ಕರಗಿದ ಎಲೆಗಳನ್ನು ಕತ್ತರಿಸಿ ತೆಗೆಯಿರಿ, ಜಾಗ ಬದಲಿಸಬೇಡಿ. ಕೆಲವು ವಾರಗಳಲ್ಲಿ ನೀರಿಗೆ ಒಗ್ಗುವ ಹೊಸ ಎಲೆ ಬರುತ್ತದೆ.

ಮೀನಿನ ವಿಷಯದಲ್ಲಿ ಅವಸರ ಬೇಡವೆಂದು ಒತ್ತಿ ಹೇಳುತ್ತೇವೆ. ಮೀನಿನ ಮಲ ಮತ್ತು ಮಿಕ್ಕ ಆಹಾರದಿಂದ ಹುಟ್ಟುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ, ಇನ್ನೊಂದು ಬಗೆ ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಬ್ಯಾಕ್ಟೀರಿಯಾಗಳು ಮರಳಿನಲ್ಲೂ ಸ್ಪಂಜ್ ಫಿಲ್ಟರ್‌ನಲ್ಲೂ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಗಿಡಗಳು ಅಮೋನಿಯಾವನ್ನು ನೇರವಾಗಿ ಹೀರಿಕೊಳ್ಳುವುದರಿಂದ ದಟ್ಟವಾಗಿ ನೆಟ್ಟ ತೊಟ್ಟಿಯಲ್ಲಿ ಅಪಾಯ ಕಡಿಮೆ, ಆದರೂ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಕಾಯಿರಿ. ಸವಳು ನೀರಿನವರು ಇನ್ನಷ್ಟು ಎಚ್ಚರದಿಂದಿರಬೇಕು, ಕ್ಷಾರೀಯ ನೀರಿನಲ್ಲಿ ಅದೇ ಅಮೋನಿಯಾ ಹೆಚ್ಚು ವಿಷಕಾರಿ. ಮೊದಲಿಗೆ ನಾಲ್ಕೈದು ಗಪ್ಪಿ ಅಥವಾ ಜೀಬ್ರಾ ಡೇನಿಯೊ ಸಾಕು. ಗೋಲ್ಡ್‌ಫಿಶ್ ಈ ಅಳತೆಯ ತೊಟ್ಟಿಗೆ ತಕ್ಕದ್ದಲ್ಲ, ಮೆದು ಎಲೆಗಳನ್ನೂ ತಿಂದುಹಾಕುತ್ತದೆ.

ಪ್ರಶ್ನೆ: ಹೆಚ್ಚಾದ ಗಿಡ, ಮರಿಗಳನ್ನು ಉಣಕಲ್ ಕೆರೆಗೆ ಬಿಡಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಬಿಡಲೇಬಾರದು. ದಕ್ಷಿಣ ಅಮೆರಿಕ ಮೂಲದ ಅಂತರಗಂಗೆ ಆ ಕೆರೆಯನ್ನು ಎಷ್ಟು ಕಾಡಿದೆ ಎಂಬುದನ್ನು ಹುಬ್ಬಳ್ಳಿಯವರು ಕಣ್ಣಾರೆ ಕಂಡಿದ್ದಾರೆ. ಹೊರಗಿನ ಮೀನು ನಮ್ಮ ಕೆರೆಯಲ್ಲಿ ಸಂತಾನ ಬೆಳೆಸಿದರೆ ಅದನ್ನು ಹಿಂತೆಗೆಯುವ ದಾರಿಯಿಲ್ಲ. ಮರಿಗಳನ್ನು ಅಂಗಡಿಗೆ ಮರಳಿಸಿ ಅಥವಾ ತೊಟ್ಟಿ ಇರುವ ಪರಿಚಯದವರಿಗೆ ಕೊಡಿ. ಗಿಡಗಳನ್ನು ಗಟಾರಕ್ಕೆ ಎಸೆಯದೆ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಕೈತೋಟದ ಗೊಬ್ಬರದ ಗುಂಡಿಗೆ ಹಾಕಿ.